ಮೀಟರ್ ಇಲ್ಲದ ಕಾರು: ಟೆಸ್ಲಾ ಮಾಡೆಲ್ 3 ಪ್ರಕರಣ

2016ರ ಮಾರ್ಚ್ 31ರಂದು ಅಮೆರಿಕದ ಎಲೆಕ್ಟ್ರಿಕ್ ಕಾರು ಕಂಪನಿ ಟೆಸ್ಲಾ ತನ್ನ ಮಾಡೆಲ್ 3 ಕಾರನ್ನು ಮೊದಲ ಸಲ ಜನರಿಗೆ ತೋರಿಸಿತು. ಸ್ಟೀರಿಂಗ್ ಹಿಂದೆ ಎಲ್ಲ ಖಾಲಿ. ವೇಗದ ಮುಳ್ಳಿಲ್ಲ, ಬ್ಯಾಟರಿ ಮೀಟರಿಲ್ಲ, ಒಂದು ಸಣ್ಣ ದೀಪವೂ ಇಲ್ಲ. ಡ್ಯಾಶ್‌ಬೋರ್ಡ್ ಈ ತುದಿಯಿಂದ ಆ ತುದಿಗೆ ಒಂದೇ ಪಟ್ಟಿ. ನಡುವೆ ಅಡ್ಡಲಾಗಿ ನಿಲ್ಲಿಸಿದ 15 ಇಂಚಿನ ಟಚ್‌ಸ್ಕ್ರೀನ್. ಇದು ಪ್ರದರ್ಶನಕ್ಕೆ ಮಾಡಿದ ಮಾದರಿ ಅಷ್ಟೇ, ಮಾರಾಟಕ್ಕೆ ಬರುವಾಗ ಮೀಟರ್ ಬರುತ್ತದೆ, ಇಲ್ಲಾಂದ್ರೆ ಮುಂದಿನ ಗಾಜಿನ ಮೇಲಾದರೂ ವೇಗ ಮೂಡುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದರು. 2017ರ ಜುಲೈ 28ರಂದು ಕ್ಯಾಲಿಫೋರ್ನಿಯಾದ ಫ್ರಿಮಾಂಟ್ ಕಾರ್ಖಾನೆಯಲ್ಲಿ ಮೊದಲ 30 ಕಾರುಗಳು ಕೈಬದಲಾದವು. ಮೀಟರ್ ಬರಲಿಲ್ಲ. ಗಾಜಿನ ಮೇಲೂ ಏನೂ ಮೂಡಲಿಲ್ಲ.

ಕಾರು ಚೆನ್ನಾಗಿ ಮಾರಾಟವಾಯಿತು. 2020ರಲ್ಲಿ ಬಂದ ಮಾಡೆಲ್ ವೈ ಕೂಡ ಇದೇ ದಾರಿ ಹಿಡಿಯಿತು. ಈಗ ಈ ವಿನ್ಯಾಸದ ಲಕ್ಷಾಂತರ ಕಾರುಗಳು ರಸ್ತೆಯಲ್ಲಿವೆ. ಹಾಗಾಗಿ ಆ ನಿರ್ಧಾರದಿಂದ ಏನೇನಾಯಿತು ಅಂತ ಊಹೆ ಮಾಡಬೇಕಾಗಿಲ್ಲ. ರೀಕಾಲ್ (ದೋಷ ಸರಿಪಡಿಸಲು ಕಂಪನಿ ಕಾರುಗಳನ್ನು ವಾಪಸ್ ಕರೆಸುವುದು) ದಾಖಲೆಗಳಿವೆ, ಒಂದು ಕೋರ್ಟ್ ತೀರ್ಪಿದೆ, ಅಳತೆ ಮಾಡಿದ ಪರೀಕ್ಷೆಯಿದೆ. ಇವುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ನನಗೆ ಒಂದು ವಿಷಯ ಸ್ಪಷ್ಟವಾಗಿ ಕಾಣುತ್ತದೆ. ಮೀಟರ್ ಎಲ್ಲಿದೆ ಎನ್ನುವುದರ ಬಗ್ಗೆ ನಾವು ಜಾಸ್ತಿ ಜಗಳ ಆಡಿದ್ದೇವೆ. ಅದು ಯಾವುದರ ಜೊತೆ ಬಾಳುವೆ ಮಾಡುತ್ತಿದೆ ಎನ್ನುವುದನ್ನು ಸಾಕಷ್ಟು ಕೇಳಿಲ್ಲ.

ಯಾಕೆ ತೆಗೆದರು?

2017ರಲ್ಲಿ ಟೆಸ್ಲಾ ಮುಖ್ಯಸ್ಥ ಇಲಾನ್ ಮಸ್ಕ್ ಕೊಟ್ಟ ಕಾರಣ ಹೀಗಿತ್ತು. ಕಾರು ತಾನೇ ಓಡಲು ಕಲಿತಷ್ಟೂ ಮೀಟರಿನ ಅಗತ್ಯ ಕಡಿಮೆಯಾಗುತ್ತದೆ. ಟ್ಯಾಕ್ಸಿಯಲ್ಲಿ ಕೂತಾಗ ನೀವೇನು ಪದೇಪದೇ ವೇಗದ ಮೀಟರ್ ನೋಡುತ್ತೀರಾ?

ಪ್ರಶ್ನೆ ಕೇಳಲು ಚೆನ್ನಾಗಿದೆ. ಆದರೆ ಟ್ಯಾಕ್ಸಿಯಲ್ಲಿ ನಾವು ನೋಡದಿದ್ದರೂ ನೋಡುವವರು ಒಬ್ಬರಿರುತ್ತಾರೆ. ವೇಗ ಹೆಚ್ಚಾದರೆ ದಂಡ ಕಟ್ಟುವವರು ಅವರು, ಬ್ರೇಕ್ ಎಚ್ಚರಿಕೆಯ ದೀಪ ಹತ್ತಿದರೆ ಗಾಡಿ ಪಕ್ಕಕ್ಕೆ ಹಾಕುವವರು ಅವರು. ಮಾಡೆಲ್ 3ರಲ್ಲಿ ಆ ಜಾಗದಲ್ಲಿ ಕೂತವರು ಕಾರಿನ ಒಡೆಯರೇ. ಕಾರು ತಾನೇ ಓಡಲು ನೆರವಾಗುವ ಆಟೋಪೈಲಟ್ ಹಾಕಿಕೊಂಡರೂ ಜವಾಬ್ದಾರಿ ಚಾಲಕರದ್ದೇ ಅಂತ ಕಂಪನಿಯೇ ಹೇಳುತ್ತದೆ. ಮುಂದೆಂದೋ ಬರಬಹುದಾದ ಕಾರಿಗೆ ಸರಿಹೋಗುವ ವಿನ್ಯಾಸವನ್ನು ಇವತ್ತು ಕೈಯಲ್ಲಿ ಓಡಿಸುವ ಕಾರಿಗೆ ಹಾಕಿದ್ದಾರೆ. ಈ ಪ್ರಕರಣದ ಬೇರು ಇಲ್ಲಿದೆ ಎಂದು ನಾನು ನಂಬುತ್ತೇನೆ.

ಇನ್ನೊಂದು ಕಾರಣ ದುಡ್ಡು. ಮಾಡೆಲ್ 3 ಅಂದರೆ 35,000 ಡಾಲರಿನ ಕಾರು ಅಂತ ಮಾತು ಕೊಟ್ಟಿದ್ದರು. ಒಂದು ಪರದೆ ಕಡಿಮೆಯಾದರೆ ಅದರ ಚಿಪ್, ವೈರಿಂಗ್, ಕವಚ, ಜೋಡಣೆಯ ಸಮಯ ಎಲ್ಲವೂ ಉಳಿಯುತ್ತವೆ. ಡ್ಯಾಶ್‌ಬೋರ್ಡ್ ಎರಡೂ ಕಡೆ ಒಂದೇ ತರಹ ಇದ್ದರೆ ಅಮೆರಿಕದ ಎಡ ಸ್ಟೀರಿಂಗಿಗೂ ಬ್ರಿಟನ್ನಿನ ಬಲ ಸ್ಟೀರಿಂಗಿಗೂ ಹೆಚ್ಚು ಬದಲಾವಣೆ ಬೇಕಿಲ್ಲ. ಪರದೆಯಲ್ಲಿ ವೇಗ ತೋರಿಸುವ ಮೂಲೆಯನ್ನು ಸಾಫ್ಟ್‌ವೇರಿನಲ್ಲಿ ಆಚೆಯಿಂದ ಈಚೆಗೆ ಸರಿಸಿದರೆ ಮುಗಿಯಿತು. ಇದು ಒಳ್ಳೆಯ ಎಂಜಿನಿಯರಿಂಗ್ ಲೆಕ್ಕಾಚಾರ. ಅದರಲ್ಲಿ ತಪ್ಪಿಲ್ಲ.

ನಡುವೆ ಮೀಟರ್ ಇಟ್ಟವರು ಇವರೇ ಮೊದಲಲ್ಲ

1959ರ ಮೂಲ ಮಿನಿ ಕಾರಿನಲ್ಲೇ ಸ್ಪೀಡೋಮೀಟರ್ ಡ್ಯಾಶ್‌ಬೋರ್ಡಿನ ನಡುವೆ ಇತ್ತು. ನಮ್ಮಲ್ಲಿ ಟಾಟಾ ನ್ಯಾನೋ, ಷೆವರ್ಲೆ ಸ್ಪಾರ್ಕ್ ಕಾರುಗಳಲ್ಲೂ ಹಾಗೇ. ಕನ್ನಡದವರಿಗೆ ಎಲ್ಲಕ್ಕಿಂತ ಹತ್ತಿರದ ಉದಾಹರಣೆ ಟೊಯೋಟಾ ಇಟಿಯಾಸ್. ಬಿಡದಿಯ ಕಾರ್ಖಾನೆಯಲ್ಲಿ ತಯಾರಾಗಿ 2010ರ ಡಿಸೆಂಬರಿನಲ್ಲಿ ಬಿಡುಗಡೆಯಾದ ಕಾರು. 2020ರವರೆಗೆ ಮಾರಾಟದಲ್ಲಿತ್ತು. ಬೆಂಗಳೂರಿನಲ್ಲಿ ಏರ್‌ಪೋರ್ಟ್ ಟ್ಯಾಕ್ಸಿ ಹತ್ತಿದವರೆಲ್ಲ ಅದನ್ನು ಕಂಡಿದ್ದಾರೆ. ಹಿಂದಿನ ಸೀಟಿನಲ್ಲಿ ಕೂತೇ ಎಷ್ಟು ಸ್ಪೀಡಿನಲ್ಲಿ ಹೋಗುತ್ತಿದ್ದೇವೆ ಅಂತ ಸಲೀಸಾಗಿ ನೋಡಬಹುದಿತ್ತು. "ಸ್ವಲ್ಪ ನಿಧಾನ ಹೋಗಪ್ಪ" ಅಂತ ಹಿಂದಿನಿಂದ ಹೇಳುವವರಿಗೆ ಅನುಕೂಲವಾಗಿತ್ತು. ಬ್ರೆಜಿಲ್‌ನಲ್ಲಿ ಇದೇ ಕಾರು ಎಡ ಸ್ಟೀರಿಂಗಿನೊಂದಿಗೆ ತಯಾರಾಗುತ್ತಿತ್ತು, ಅಲ್ಲೂ ಮೀಟರ್ ನಡುವೆಯೇ.

ಇಟಿಯಾಸ್ ಚಾಲಕರಿಗೂ ಕಣ್ಣು ಪಕ್ಕಕ್ಕೆ ಹೊರಳಿಸುವ ಕಷ್ಟ ಇತ್ತು. ಸ್ಟೀರಿಂಗ್ ಹಿಂದಿನ ಮೀಟರಾದರೆ ಕಣ್ಣು ಸ್ವಲ್ಪ ಕೆಳಗಿಳಿದರೆ ಸಾಕು. ಮುಂದಿನ ಗಾಡಿಯ ಕೆಂಪು ದೀಪ ಆಗಲೂ ಕಣ್ಣಂಚಿನಲ್ಲಿ ಇರುತ್ತದೆ. ನಡುವಿನ ಮೀಟರಿಗೆ ಕಣ್ಣು ಕೆಳಗೂ ಇಳಿಯಬೇಕು, ಪಕ್ಕಕ್ಕೂ ಹೊರಳಬೇಕು. ಆದರೂ ಇಟಿಯಾಸ್ ಹತ್ತು ವರ್ಷ ಓಡಿತು, ಮೀಟರಿಗಾಗಿ ಕಾರೇ ಬೇಡ ಅಂತ ಟ್ಯಾಕ್ಸಿಯವರು ಬಿಡಲಿಲ್ಲ. ಯಾಕೆಂದರೆ ಜಾಗ ಬದಲಾಗಿದ್ದರೂ ಅದು ಮೀಟರೇ ಆಗಿತ್ತು. ಮುಳ್ಳು ಯಾವಾಗಲೂ ಅದೇ ಜಾಗದಲ್ಲಿ. ಪಕ್ಕದಲ್ಲಿದ್ದ ರೇಡಿಯೋ ಕೆಟ್ಟರೂ, ಕಿತ್ತು ಬೇರೆ ಹಾಕಿದರೂ, ಮೀಟರಿಗೆ ಏನೂ ಆಗುತ್ತಿರಲಿಲ್ಲ. ವೈಪರ್, ಲೈಟ್, ಏಸಿ ಎಲ್ಲವೂ ತಮ್ಮತಮ್ಮ ಲಿವರಿನಲ್ಲಿ, ಗುಂಡಿಯಲ್ಲಿ ಇದ್ದವು.

ಮಾಡೆಲ್ 3 ಈ ಎರಡನ್ನೂ ಬದಲಾಯಿಸಿತು. ಮೀಟರನ್ನು ಮ್ಯಾಪ್, ಹಾಡು, ಸಿನಿಮಾ, ಆಟ ಎಲ್ಲ ಇರುವ ಪರದೆಯ ಗಾಜಿನೊಳಗೆ ಸೇರಿಸಿತು. ಗುಂಡಿಗಳನ್ನೂ ಅದೇ ಗಾಜಿನೊಳಗೆ ಕಳಿಸಿತು. ಏಸಿ ಗಾಳಿ ಯಾವ ಕಡೆ ಬರಬೇಕು ಅನ್ನುವುದೂ ಅಲ್ಲೇ, ಗ್ಲವ್‌ಬಾಕ್ಸ್ ತೆಗೆಯುವುದೂ ಅಲ್ಲೇ.

ನ್ಯಾಯವಾಗಿ ಹೇಳಬೇಕೆಂದರೆ, ಟೆಸ್ಲಾ ವೇಗಕ್ಕೆ ಒಂದು ಖಾಯಂ ಜಾಗ ಕೊಟ್ಟಿದೆ. ಪರದೆಯಲ್ಲಿ ಚಾಲಕರ ಕಡೆಯ ಭಾಗ ಗಾಡಿಯ ವಿಷಯಕ್ಕೇ ಮೀಸಲು. ಮೇಲಿನ ಮೂಲೆಯಲ್ಲಿ ದಪ್ಪ ಅಂಕಿಯಲ್ಲಿ ವೇಗ, ಗೇರು, ಬ್ಯಾಟರಿ, ಸುತ್ತಲಿನ ವಾಹನಗಳ ಚಿತ್ರ ಇರುತ್ತವೆ. ಮ್ಯಾಪ್ ಬಂದು ಅದನ್ನು ಮುಚ್ಚುವುದಿಲ್ಲ. ಜಾಗವೇನೋ ಬೇರೆ, ಆದರೆ ಹಣೆಬರಹ ಒಂದೇ. ಅದೇ ಗಾಜು, ಅದೇ ಪ್ರೊಸೆಸರ್, ಅದೇ ಸಾಫ್ಟ್‌ವೇರ್.

ಒಂದೇ ಕಾಯಿಲೆ, ಎರಡು ಕಾರು

ಒಂದೇ ಕಂಪನಿಯ ಎರಡು ಬೇರೆ ವಿನ್ಯಾಸಗಳಿಗೆ ಹೆಚ್ಚುಕಡಿಮೆ ಒಂದೇ ಬಗೆಯ ಕಾಯಿಲೆ ಬಂತು. ಇಂಥ ಹೋಲಿಕೆ ಸುಲಭಕ್ಕೆ ಸಿಗುವುದಿಲ್ಲ. ಈ ಪ್ರಕರಣದಲ್ಲಿ ನನಗೆ ಅತಿ ಮುಖ್ಯವಾಗಿ ಕಾಣುವುದು ಇದೇ.

2012ರಲ್ಲಿ ಬಂದ ಮಾಡೆಲ್ ಎಸ್‌ನಲ್ಲಿ ಎರಡು ಪರದೆಗಳಿದ್ದವು. ನಡುವೆ 17 ಇಂಚಿನ ಟಚ್‌ಸ್ಕ್ರೀನ್, ಸ್ಟೀರಿಂಗ್ ಹಿಂದೆ ಡಿಜಿಟಲ್ ಮೀಟರ್. ಮೊದಮೊದಲ ಕಾರುಗಳಲ್ಲಿ ಇವೆರಡಕ್ಕೂ ಬೇರೆ ಬೇರೆ ಪ್ರೊಸೆಸರ್: ನಡುವಿನದಕ್ಕೆ ಎನ್‌ವಿಡಿಯಾ ಟೆಗ್ರಾ 3, ಮೀಟರಿಗೆ ಟೆಗ್ರಾ 2. ನಡುವಿನ ಕಂಪ್ಯೂಟರಿನಲ್ಲಿ 8 ಜಿಬಿಯ ಫ್ಲ್ಯಾಶ್ ಮೆಮೊರಿ ಇತ್ತು. ಈ ಮೆಮೊರಿಗೆ ಬರೆದು ಅಳಿಸುವ ಲೆಕ್ಕದಲ್ಲಿ ಆಯಸ್ಸು. ಕಾರು ದಿನವಿಡೀ ಲಾಗ್ (ತನ್ನೊಳಗೆ ಏನು ನಡೆಯುತ್ತಿದೆ ಎಂಬ ದಾಖಲೆ) ಬರೆಯುತ್ತಾ ಹೋಯಿತು. ಐದಾರು ವರ್ಷಕ್ಕೆ ಮೆಮೊರಿ ಸವೆದು ಪರದೆ ಸತ್ತುಹೋಗುತ್ತಿತ್ತು. 2021ರ ಜನವರಿಯಲ್ಲಿ ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ಕಾರುಗಳನ್ನು ವಾಪಸ್ ಕರೆಸಿ ಅಂತ ಕೇಳಿತು. ಫೆಬ್ರವರಿಯಲ್ಲಿ ಟೆಸ್ಲಾ ಸುಮಾರು 1.35 ಲಕ್ಷ ಮಾಡೆಲ್ ಎಸ್ ಮತ್ತು ಮಾಡೆಲ್ ಎಕ್ಸ್ ಕಾರುಗಳ ರೀಕಾಲ್‌ಗೆ ಒಪ್ಪಿತು.

ಪರದೆ ಸತ್ತಾಗ ಹೋಗುತ್ತಿದ್ದದ್ದು ಏನು? ಹಿಂದಿನ ಕ್ಯಾಮೆರಾ, ಗಾಜಿನ ಮಂಜು ಓಡಿಸುವ ನಿಯಂತ್ರಣ, ಇಂಡಿಕೇಟರಿನ ಟಿಕ್ ಟಿಕ್ ಸದ್ದು. ಇವೇನು ಸಣ್ಣ ವಿಷಯವಲ್ಲ, ರೀಕಾಲ್ ಆಗಿದ್ದೇ ಅದಕ್ಕೆ. ಆದರೆ ಸ್ಟೀರಿಂಗ್ ಹಿಂದಿನ ಮೀಟರ್ ಬೇರೆ ಇತ್ತು. ನಡುವಿನದು ಕಪ್ಪಾದರೂ ವೇಗ ಕಣ್ಣ ಮುಂದೆ ಇತ್ತು.

ಈಗ 2022ರ ಮೇ ತಿಂಗಳಿಗೆ ಬನ್ನಿ. ಈ ಸಲ ಸುಮಾರು 1.3 ಲಕ್ಷ ಕಾರುಗಳು. ಮಾಡೆಲ್ ಎಸ್, ಎಕ್ಸ್ ಜೊತೆಗೆ 2022ರ ಮಾಡೆಲ್ 3 ಮತ್ತು ವೈ ಕೂಡ ಪಟ್ಟಿಯಲ್ಲಿದ್ದವು. ಫಾಸ್ಟ್ ಚಾರ್ಜಿಂಗ್ ಮಾಡುವಾಗ, ಅಥವಾ ಅದಕ್ಕೆ ಬ್ಯಾಟರಿ ಸಿದ್ಧವಾಗುವಾಗ, ಪರದೆಯ ಪ್ರೊಸೆಸರಿಗೆ ಸಾಕಷ್ಟು ತಂಪು ಸಿಗುತ್ತಿರಲಿಲ್ಲ. ಅದು ಬಿಸಿಯಾಗಿ ನಿಧಾನವಾಗುತ್ತಿತ್ತು, ಇಲ್ಲವೇ ರೀಸ್ಟಾರ್ಟ್ ಆಗುತ್ತಿತ್ತು. ಪರದೆ ತಡವರಿಸುತ್ತಿತ್ತು ಅಥವಾ ಕಪ್ಪಾಗುತ್ತಿತ್ತು. ಫಾಸ್ಟ್ ಚಾರ್ಜಿಂಗಿಗೆ ಸಿದ್ಧವಾಗುವುದು ಅಂದರೆ ಕಾರು ಚಾರ್ಜರಿನತ್ತ ಓಡುತ್ತಿರುವಾಗ ಎನ್ನುವುದನ್ನು ಗಮನಿಸಿ. ಮಾಡೆಲ್ 3ರಲ್ಲಿ ಆ ಪರದೆ ಹೋದರೆ ಕ್ಯಾಮೆರಾ ಹೋಯಿತು, ವೈಪರ್ ವೇಗ ಬದಲಾಯಿಸುವ ಜಾಗ ಹೋಯಿತು, ಯಾವ ಗೇರಿನಲ್ಲಿದ್ದೇವೆ ಅನ್ನುವುದು ಹೋಯಿತು, ಎಚ್ಚರಿಕೆ ದೀಪಗಳು ಹೋದವು, ವೇಗವೂ ಹೋಯಿತು.

ಗಾಡಿ ನಿಲ್ಲುವುದಿಲ್ಲ, ಅದನ್ನೂ ಹೇಳಲೇಬೇಕು. ಸ್ಟೀರಿಂಗ್, ಬ್ರೇಕ್, ಮೋಟಾರ್ ಎಲ್ಲವೂ ಬೇರೆ ಕಂಪ್ಯೂಟರುಗಳ ಮೇಲೆ ನಡೆಯುತ್ತವೆ. ಸ್ಟೀರಿಂಗ್ ಮೇಲಿನ ಎರಡು ಉರುಳುಗುಂಡಿಗಳನ್ನು ಒಟ್ಟಿಗೆ ಒತ್ತಿ ಹಿಡಿದರೆ ಪರದೆ ರೀಸ್ಟಾರ್ಟ್ ಆಗುತ್ತದೆ, ಓಡುತ್ತಿರುವ ಗಾಡಿ ಓಡುತ್ತಲೇ ಇರುತ್ತದೆ. ಎಂಜಿನಿಯರುಗಳು ಆ ಮಟ್ಟಿಗೆ ಜಾಗ್ರತೆ ವಹಿಸಿದ್ದಾರೆ. 2022ರ ದೋಷವೂ ಮನೆಬಾಗಿಲಲ್ಲೇ ಸಾಫ್ಟ್‌ವೇರ್ ಅಪ್‌ಡೇಟಿನಿಂದ ಸರಿಹೋಯಿತು, ಯಾರೂ ವರ್ಕ್‌ಶಾಪಿಗೆ ಹೋಗಬೇಕಾಗಲಿಲ್ಲ. ಆದರೂ ಪರದೆ ಮತ್ತೆ ಬೆಳಗುವವರೆಗೆ ಕಾರು ಎಷ್ಟು ವೇಗದಲ್ಲಿದೆ ಎಂದು ಚಾಲಕರಿಗೆ ತಿಳಿಯುವ ದಾರಿಯಿಲ್ಲ. ಬರೀ ಅಂದಾಜು.

ಬೇರೆ ಕಾರುಗಳ ಡಿಜಿಟಲ್ ಮೀಟರಿನಲ್ಲಿ ಈ ಕಾಳಜಿ ಹೇಗಿರುತ್ತದೆ ಅಂತ ಸ್ವಲ್ಪ ಹತ್ತಿರದಿಂದ ನೋಡೋಣ. ವಾಹನಗಳ ಎಲೆಕ್ಟ್ರಾನಿಕ್ಸ್ ಸುರಕ್ಷತೆಗೆ ಐಎಸ್‌ಒ 26262 ಎಂಬ ಮಾನದಂಡ 2011ರಲ್ಲಿ ಬಂತು. ಅದರ ಪ್ರಕಾರ ಕೆಲಸ ಮಾಡುವವರು ಬ್ರೇಕ್ ದೀಪ, ಏರ್‌ಬ್ಯಾಗ್ ದೀಪಗಳನ್ನು ಸುಮ್ನೆ ಒಂದು ಚಿತ್ರ ಎಂದು ಬಿಡುವುದಿಲ್ಲ. ಬ್ರೇಕ್ ದೀಪ ಹಚ್ಚು ಎಂದು ಸಂದೇಶ ಬಂತು ಅಂದುಕೊಳ್ಳಿ. ಮುಖ್ಯ ಪ್ರೊಸೆಸರ್ ಆ ಚಿತ್ರ ಬಿಡಿಸುತ್ತದೆ. ಪರದೆಗೆ ಹೋಗುವ ದಾರಿಯಲ್ಲಿ ಇನ್ನೊಂದು ಪುಟ್ಟ ಕಾವಲು ವ್ಯವಸ್ಥೆ ಆ ಜಾಗದ ಚುಕ್ಕೆಗಳನ್ನು ಕೂಡಿ ಲೆಕ್ಕ ಹಾಕುತ್ತದೆ. ಬರಬೇಕಾದ ಮೊತ್ತ ಬಂದರೆ ದೀಪ ನಿಜವಾಗಿ ಹತ್ತಿದೆ ಎಂದರ್ಥ. ಬರದಿದ್ದರೆ ಏನೋ ಎಡವಟ್ಟಾಗಿದೆ ಎಂದು ಪರದೆಯನ್ನೇ ಸುರಕ್ಷಿತ ಸ್ಥಿತಿಗೆ ಒಯ್ಯುತ್ತದೆ. ಬೆಂಗಳೂರಿನಲ್ಲಿ ಇಂಥ ಮೀಟರ್ ಸಾಫ್ಟ್‌ವೇರ್ ಬರೆದು ಹೊಟ್ಟೆ ಹೊರೆಯುವ ಎಂಜಿನಿಯರುಗಳು ಬಹಳ ಜನ ಇದ್ದಾರೆ. ಒಂದು ಸಣ್ಣ ಕೆಂಪು ದೀಪಕ್ಕೆ ತಿಂಗಳುಗಟ್ಟಲೆ ಪರೀಕ್ಷೆ ಮಾಡುವ ಕೆಲಸ ಅದು. ಹಾಡು, ಮ್ಯಾಪ್ ಇರುವ ಪರದೆಯ ಜೊತೆ ಮೀಟರನ್ನು ಬೆರೆಸಬಾರದು ಎಂಬ ಹಟ ಎಲ್ಲಿಂದ ಬಂತು ಅಂತ ಅವರನ್ನು ಕೇಳಿದರೆ ಗೊತ್ತಾಗುತ್ತದೆ.

ಕಾರ್ಲ್ಸ್‌ರೂಹೆಯ ಮಳೆ

2019ರ ಮಾರ್ಚ್. ಜರ್ಮನಿಯ ಕಾರ್ಲ್ಸ್‌ರೂಹೆ ಭಾಗದ ಹೆದ್ದಾರಿಯೊಂದರಲ್ಲಿ ಜೋರು ಮಳೆ. ಟೆಸ್ಲಾ ಓಡಿಸುತ್ತಿದ್ದ ಒಬ್ಬರಿಗೆ ವೈಪರ್ ಸಾಲುತ್ತಿಲ್ಲ ಅನ್ನಿಸಿತು. ಸ್ಟೀರಿಂಗ್ ಪಕ್ಕದ ಲಿವರಿನ ತುದಿಯ ಗುಂಡಿ ಒತ್ತಿದರೆ ವೈಪರ್ ಕೆಲಸ ಮಾಡುತ್ತದೆ, ಆದರೆ ಅದರ ವೇಗ ಬದಲಾಯಿಸಬೇಕಾದರೆ ಪರದೆಗೇ ಹೋಗಬೇಕಿತ್ತು. ಅಲ್ಲಿ ವೈಪರ್ ಚಿಹ್ನೆ ಮುಟ್ಟಬೇಕು, ತೆರೆದುಕೊಂಡ ಪಟ್ಟಿಯಲ್ಲಿ ಬೇಕಾದ ಹಂತ ಆರಿಸಬೇಕು. ಅವರು ಅದನ್ನೇ ಮಾಡುತ್ತಿದ್ದರು. ಕಾರು ರಸ್ತೆ ಬಿಟ್ಟು ಇಳಿಜಾರಿಗೆ ಹೋಯಿತು, ಒಂದು ಫಲಕಕ್ಕೆ ಬಡಿಯಿತು, ಮರಗಳಿಗೆ ಬಡಿಯಿತು.

ಕೆಳಗಿನ ಕೋರ್ಟು 200 ಯೂರೋ ದಂಡ ಹಾಕಿ ಒಂದು ತಿಂಗಳು ಗಾಡಿ ಓಡಿಸಬಾರದೆಂದಿತು. ಚಾಲಕರು ಮೇಲ್ಮನವಿ ಹಾಕಿದರು. ಅವರ ವಾದ ಸಾಮಾನ್ಯ ಜನಕ್ಕೆ ಅರ್ಥವಾಗುವಂಥದ್ದೇ: ವೈಪರ್ ಹಾಕುವುದು ಓಡಿಸುವುದರ ಭಾಗ, ಮೊಬೈಲ್ ನೋಡಿದಂತಲ್ಲ. 2020ರ ಮಾರ್ಚ್ 27ರಂದು ಕಾರ್ಲ್ಸ್‌ರೂಹೆಯ ಉಚ್ಚ ಪ್ರಾದೇಶಿಕ ನ್ಯಾಯಾಲಯ ಶಿಕ್ಷೆಯನ್ನು ಎತ್ತಿಹಿಡಿಯಿತು. ಕಾರಿಗೆ ಕಂಪನಿಯೇ ಕೂರಿಸಿದ ಟಚ್‌ಸ್ಕ್ರೀನ್ ಕೂಡ ಕಾನೂನಿನ ಕಣ್ಣಿಗೆ ಎಲೆಕ್ಟ್ರಾನಿಕ್ ಸಾಧನವೇ. ರಸ್ತೆ, ಮಳೆ, ಟ್ರಾಫಿಕ್ ನೋಡಿಕೊಂಡು ಕ್ಷಣಮಾತ್ರ ಕಣ್ಣು ಹಾಯಿಸಿ ಮುಗಿಸುವಂತಿದ್ದರೆ ಮಾತ್ರ ಬಳಸಬಹುದು. ಅದರಲ್ಲಿ ಮಾಡುತ್ತಿದ್ದದ್ದು ವೈಪರ್ ಹೊಂದಾಣಿಕೆಯೇ ಆಗಿರಲಿ, ಬೇರೆಯದೇ ಆಗಿರಲಿ, ನಿಯಮ ಒಂದೇ.

ತೀರ್ಪು ಸರಿ ಅಂತಲೇ ನನಗೂ ಅನ್ನಿಸುತ್ತದೆ. ಆದರೆ ಅದು ಇಡೀ ಹೊರೆಯನ್ನು ಚಾಲಕರ ತಲೆಗೆ ಕಟ್ಟುತ್ತದೆ. ಮಳೆ ಬಂದಾಗ ವೈಪರ್ ಬೇಕೇ ಬೇಕು. ಅದನ್ನು ಹೊಂದಿಸಲು ಕಣ್ಣು ತೆಗೆಯಲೇಬೇಕು ಎಂದು ನಿರ್ಧರಿಸಿದವರು ಬೇರೆ ಯಾರೋ. ದಂಡ ಕಟ್ಟಿದವರು ಇವರು. ಆಗುಂಬೆ ಘಾಟಿಯಲ್ಲೋ ಶಿರಾಡಿ ಘಾಟಿಯಲ್ಲೋ ಜುಲೈ ತಿಂಗಳ ಮಳೆಯಲ್ಲಿ ಓಡಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ತಿರುವಿನಲ್ಲಿ ಹನಿ, ಮುಂದಿನ ತಿರುವಿನಲ್ಲಿ ಸುರಿಮಳೆ, ಆಮೇಲೆ ಮಂಜು. ವೈಪರ್ ಲಿವರ್ ಮೇಲೆ ಬೆರಳು ಇಟ್ಟುಕೊಂಡೇ ಓಡಿಸುತ್ತೇವೆ, ಅಲ್ವಾ?

ಮುಂದೆ ಟೆಸ್ಲಾ ಇದನ್ನು ಸುಧಾರಿಸಿತು. ಲಿವರಿನ ಗುಂಡಿ ಒತ್ತಿ, ಆಮೇಲೆ ಸ್ಟೀರಿಂಗಿನ ಎಡ ಉರುಳುಗುಂಡಿಯಿಂದ ವೈಪರ್ ವೇಗ ಬದಲಾಯಿಸುವ ಹಾಗೆ ಅಪ್‌ಡೇಟ್ ಬಂತು. ಒಳ್ಳೆಯ ಕೆಲಸ.

ಎರಡು ಸೆಕೆಂಡು

80 ಕಿ.ಮೀ. ವೇಗದಲ್ಲಿ ಎರಡು ಸೆಕೆಂಡು ಕಣ್ಣು ತೆಗೆದರೆ ಕಾರು 44 ಮೀಟರ್ ಮುಂದೆ ಹೋಗಿರುತ್ತದೆ. ಎನ್‌ಎಚ್‌ಟಿಎಸ್‌ಎ 2013ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಮಿತಿ ಇದೇ: ಒಂದು ನೋಟಕ್ಕೆ ಎರಡು ಸೆಕೆಂಡು, ಒಂದು ಕೆಲಸ ಮುಗಿಸಲು ಒಟ್ಟು 12 ಸೆಕೆಂಡು. ಇದು ಕಡ್ಡಾಯವಲ್ಲ, ಸಲಹೆ ಮಾತ್ರ.

2022ರಲ್ಲಿ ಸ್ವೀಡನ್ನಿನ ವಿ ಬೀಲ್‌ಎಗರೆ ಪತ್ರಿಕೆ ಒಂದು ಸರಳ ಪರೀಕ್ಷೆ ಮಾಡಿತು. ಖಾಲಿ ವಿಮಾನ ನಿಲ್ದಾಣದಲ್ಲಿ 110 ಕಿ.ಮೀ. ವೇಗದಲ್ಲಿ ಓಡಿಸುತ್ತಾ ನಾಲ್ಕು ಕೆಲಸ ಮಾಡಬೇಕು. ಸೀಟು ಬಿಸಿ ಮಾಡಿ ಏಸಿಯನ್ನು ಎರಡು ಡಿಗ್ರಿ ಏರಿಸುವುದು, ರೇಡಿಯೋದಲ್ಲಿ ಹೇಳಿದ ಸ್ಟೇಷನ್ ಹಿಡಿಯುವುದು, ಟ್ರಿಪ್ ಮೀಟರ್ ಸೊನ್ನೆ ಮಾಡುವುದು, ಬೆಳಕು ತಗ್ಗಿಸಿ ನಡುವಿನ ಪರದೆ ಆರಿಸುವುದು. ಚಾಲಕರಿಗೆ ಮೊದಲೇ ಕಾರು ಪರಿಚಯ ಮಾಡಿಕೊಳ್ಳಲು ಸಮಯ ಕೊಟ್ಟಿದ್ದರು. ಗುಂಡಿಗಳೇ ತುಂಬಿದ್ದ 2005ರ ವೋಲ್ವೋ ವಿ70ಗೆ 10 ಸೆಕೆಂಡು, 306 ಮೀಟರ್ ಸಾಕಾಯಿತು. ಮಾಡೆಲ್ 3ಗೆ 23.5 ಸೆಕೆಂಡು, 717 ಮೀಟರ್ ಬೇಕಾಯಿತು. ಎಲ್ಲಕ್ಕಿಂತ ಹಿಂದೆ ಬಿದ್ದದ್ದು ಎಂಜಿ ಮಾರ್ವೆಲ್ ಆರ್: 44.9 ಸೆಕೆಂಡು, 1,372 ಮೀಟರ್.

ಈ ಅಂಕಿಗಳಲ್ಲಿ ಒಂದು ಸೂಕ್ಷ್ಮ ಇದೆ. ಮಾರ್ವೆಲ್ ಆರ್‌ನಲ್ಲಿ ಸ್ಟೀರಿಂಗ್ ಹಿಂದೆ ಮೀಟರ್ ಇದೆ. ಆದರೂ ಅದು ಮಾಡೆಲ್ 3ಕ್ಕಿಂತ ಹಿಂದೆ ಬಿತ್ತು. ಅಂದರೆ ಮೀಟರ್ ಇದ್ದ ಮಾತ್ರಕ್ಕೆ ಎಲ್ಲ ಸರಿ ಅಂತಲ್ಲ. ಟೆಸ್ಲಾದ ಪರದೆ ಚುರುಕಾಗಿದೆ, ಅಕ್ಷರ ದೊಡ್ಡದಿದೆ, ಜೋಡಣೆ ಅಚ್ಚುಕಟ್ಟಾಗಿದೆ. ಇಡೀ ಕಾರನ್ನು ಒಂದೇ ಪರದೆಗೆ ಇಳಿಸುವ ಕೆಲಸವನ್ನು ಬಹುಶಃ ಅವರಷ್ಟು ಚೆನ್ನಾಗಿ ಬೇರೆ ಯಾರೂ ಮಾಡಿಲ್ಲ. ಅಷ್ಟು ಚೆನ್ನಾಗಿ ಮಾಡಿದರೂ ಹದಿನೇಳು ವರ್ಷ ಹಳೆಯ ವೋಲ್ವೋದ ಎರಡರಷ್ಟಕ್ಕಿಂತ ಜಾಸ್ತಿ ಸಮಯ ಹಿಡಿಯಿತು ಎನ್ನುವುದನ್ನು ಮರೆಯಬಾರದು.

ಸಾಫ್ಟ್‌ವೇರ್ ಗುಂಡಿಗಳಿಗೆ ಇನ್ನೊಂದು ಗುಣ ಇದೆ: ಅವು ರಾತ್ರೋರಾತ್ರಿ ಜಾಗ ಬದಲಿಸಬಹುದು. 2021ರ ಡಿಸೆಂಬರಿನಲ್ಲಿ ಬಂದ ಆವೃತ್ತಿ 11ರ ಅಪ್‌ಡೇಟಿನಲ್ಲಿ, ಒಂದು ಸಲ ಮುಟ್ಟಿದರೆ ಸಿಗುತ್ತಿದ್ದ ಕೆಲವು ನಿಯಂತ್ರಣಗಳು ಮೆನುವಿನೊಳಗೆ ಸೇರಿಕೊಂಡವು. ಗಾಜಿನ ಮಂಜು ತೆಗೆಯುವುದೂ ಅದರಲ್ಲಿ ಒಂದು. ಚಳಿಗಾಲದ ನಟ್ಟನಡುವೆ. ಮಾಲೀಕರು ಸಿಟ್ಟಾದದ್ದು ಸಹಜ. ಬೆರಳಿಗೆ ಅಭ್ಯಾಸವಾದ ಜಾಗ ಅನ್ನುವುದಕ್ಕೆ ಬೆಲೆ ಇದೆ.

3.2 ಮಿಲಿಮೀಟರ್

2024ರ ಫೆಬ್ರವರಿಯ ರೀಕಾಲ್ ಈ ಕಥೆಯಲ್ಲಿ ಅತಿ ದೊಡ್ಡದು, ಕಾರಣ ಅತಿ ಸಣ್ಣದು. ಅಮೆರಿಕದ ನಿಯಮದ ಪ್ರಕಾರ ಬ್ರೇಕ್, ಪಾರ್ಕ್, ಎಬಿಎಸ್ ಎಚ್ಚರಿಕೆಗಳ ಅಕ್ಷರ ಕನಿಷ್ಠ 3.2 ಮಿಲಿಮೀಟರ್ ಎತ್ತರ ಇರಬೇಕು. ಒಂದು ಮಾಮೂಲಿ ತಪಾಸಣೆಯಲ್ಲಿ ಮಾಡೆಲ್ ವೈ ಪರದೆಯ ಮೇಲಿನ ಅಕ್ಷರ ಅದಕ್ಕಿಂತ ಚಿಕ್ಕದಿದೆ ಎಂದು ಗೊತ್ತಾಯಿತು. ಅದೇ ಸಾಫ್ಟ್‌ವೇರ್ ಇದ್ದ ಸುಮಾರು 22 ಲಕ್ಷ ಕಾರುಗಳು ರೀಕಾಲ್ ಆದವು. ಅಮೆರಿಕದಲ್ಲಿ ಟೆಸ್ಲಾ ಅದುವರೆಗೆ ಮಾರಿದ ಹೆಚ್ಚುಕಡಿಮೆ ಎಲ್ಲ ಕಾರು.

ಮಾಡೆಲ್ ಎಸ್ ಕೂಡ ಈ ಪಟ್ಟಿಯಲ್ಲಿತ್ತು. ಅದಕ್ಕೆ ಸ್ಟೀರಿಂಗ್ ಹಿಂದೆ ಪರದೆ ಇದೆ. ಹಾಗಾಗಿ ಮೀಟರ್ ತೆಗೆದದ್ದೇ ಈ ತಪ್ಪಿಗೆ ಕಾರಣ ಎಂದು ಹೇಳಿದರೆ ಅನ್ಯಾಯ. ತಪ್ಪಿನ ಬಗೆ ಮಾತ್ರ ಹೊಸದು. ಹಳೆಯ ಮೀಟರಿನಲ್ಲಿ ಬ್ರೇಕ್ ದೀಪದ ಅಕ್ಷರ ಪ್ಲಾಸ್ಟಿಕ್ಕಿನ ಮೇಲೆ ಅಚ್ಚಾಗಿರುತ್ತದೆ. ಕಾರ್ಖಾನೆ ದಾಟುವ ಮುಂಚೆ ಒಂದು ಸಲ ಅಳೆದರೆ ಕಾರಿನ ಆಯಸ್ಸು ಪೂರ್ತಿ ಅದೇ ಅಳತೆ. ಪರದೆಯಲ್ಲಿ ಆ ಅಕ್ಷರ ಉಳಿದ ಚಿತ್ರಗಳ ಜೊತೆ ಇರುವ ಇನ್ನೊಂದು ಚಿತ್ರ. ವಿನ್ಯಾಸ ಚೆಂದ ಮಾಡಲು ಹೊರಟಾಗ ಅದೂ ಕುಗ್ಗಬಹುದು. ಸರಿಪಡಿಸುವುದೂ ಅಷ್ಟೇ ಸುಲಭ. 22 ಲಕ್ಷ ಕಾರುಗಳ ಅಕ್ಷರವನ್ನು ಒಂದೇ ಅಪ್‌ಡೇಟಿನಲ್ಲಿ ದೊಡ್ಡದು ಮಾಡಿದರು. ಹಳೆಯ ಮೀಟರಿನಲ್ಲಿ ಇದು ಕನಸಿನ ಮಾತು.

ಇದಕ್ಕೂ ಎರಡು ತಿಂಗಳ ಹಿಂದೆ, 2023ರ ಡಿಸೆಂಬರಿನಲ್ಲಿ, ಆಟೋಪೈಲಟ್ ದುರ್ಬಳಕೆ ತಡೆಯಲು 20 ಲಕ್ಷಕ್ಕೂ ಹೆಚ್ಚು ಕಾರುಗಳ ರೀಕಾಲ್ ಆಗಿತ್ತು. ಪರದೆಯ ಮೇಲಿನ ಎಚ್ಚರಿಕೆಗಳು ಇನ್ನೂ ಎದ್ದು ಕಾಣುವಂತೆ ಮಾಡುವುದು ಆ ಪರಿಹಾರದಲ್ಲಿ ಒಂದು ಭಾಗ. ಎರಡು ರೀಕಾಲ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಚಾಲಕರ ಕಣ್ಣಿಗೆ ಬೀಳಲೇಬೇಕಾದದ್ದು ಬೀಳುತ್ತಿದೆಯೇ ಎಂಬ ಪ್ರಶ್ನೆ ಎರಡರಲ್ಲೂ ಇದೆ.

ಓಡಿಸುವವರು ಏನನ್ನುತ್ತಾರೆ?

ಮಾಡೆಲ್ 3 ಓಡಿಸುವ ಬಹಳ ಜನ ಕೆಲವೇ ದಿನಗಳಲ್ಲಿ ರೂಢಿಯಾಯಿತು ಎನ್ನುತ್ತಾರೆ. ಅವರ ಮಾತನ್ನು ನಾನು ನಂಬುತ್ತೇನೆ. ಸ್ಟೀರಿಂಗ್ ಹಿಂದೆ ಏನೂ ಇಲ್ಲದ್ದರಿಂದ ರಸ್ತೆ ಬಯಲಾಗಿ ಕಾಣುತ್ತದೆ. ಕುಳ್ಳಗಿರಲಿ, ಎತ್ತರ ಇರಲಿ, ಸ್ಟೀರಿಂಗ್ ಚಕ್ರ ಮೀಟರಿಗೆ ಅಡ್ಡ ಬರುವ ಗೋಳಿಲ್ಲ. ದಪ್ಪ ಅಂಕಿ ಬೇಗ ಓದಬಹುದು. ಇನ್ನೊಂದು ಕಡೆ, ಸ್ಟೀರಿಂಗ್ ಹಿಂದೆ ಕೂರಿಸುವ ಪುಟ್ಟ ಮೀಟರ್ ಪರದೆಗಳನ್ನು ಮಾಡೆಲ್ 3, ಮಾಡೆಲ್ ವೈಗಾಗಿಯೇ ತಯಾರಿಸಿ ಮಾರುವ ಒಂದು ವ್ಯಾಪಾರವೇ ಬೆಳೆದಿದೆ. ಇಲ್ಲದ್ದನ್ನು ಕೈಯಿಂದ ದುಡ್ಡು ಹಾಕಿ ಕೂರಿಸಿಕೊಳ್ಳುವವರು ಇದ್ದಾರೆ ಎಂದಾಯಿತು.

ರೂಢಿ ಎನ್ನುವುದು ಒಳ್ಳೆಯ ದಿನದ ಮಾತು. ನೆಟ್ಟಗಿನ ರಸ್ತೆ, ಒಣ ಹವೆ, ಪರದೆ ಸರಿಯಾಗಿ ನಡೆಯುತ್ತಿರುವಾಗ ರೂಢಿ ಸಾಕು. ಮೀಟರಿನ ನಿಜವಾದ ಬೆಲೆ ಗೊತ್ತಾಗುವುದು ಕೆಟ್ಟ ದಿನದಂದು.

ಈಗ ಎಲ್ಲಿಗೆ ಬಂತು

ಟೆಸ್ಲಾದ ದಾರಿಯನ್ನು ಬೇರೆಯವರೂ ಹಿಡಿದರು. 2023ರಲ್ಲಿ ವೋಲ್ವೋ ತೋರಿಸಿದ ಇಎಕ್ಸ್30 ಕಾರಿನಲ್ಲಿ ವೇಗ ನಡುವಿನ 12.3 ಇಂಚಿನ ಪರದೆಯ ಮೇಲ್ತುದಿಯಲ್ಲಿದೆ. ಬಿಎಂಡಬ್ಲ್ಯೂ 2025ರಲ್ಲಿ ತೋರಿಸಿದ ಐಎಕ್ಸ್3ರಲ್ಲಿ ಸ್ಟೀರಿಂಗ್ ಹಿಂದಿನ ಮೀಟರ್ ತೆಗೆದಿದೆ, ಆದರೆ ಮುಂದಿನ ಗಾಜಿನ ಬುಡದಲ್ಲಿ ಉದ್ದಕ್ಕೂ ಒಂದು ಪಟ್ಟಿಯಲ್ಲಿ ಮಾಹಿತಿ ಮೂಡಿಸುತ್ತದೆ. ವೇಗ ರಸ್ತೆಯ ದೃಷ್ಟಿಗೆ ಹತ್ತಿರ ಬಂತು. ಮೀಟರ್ ತೆಗೆಯಲೇಬೇಕಿದ್ದರೆ ಇದು ಉತ್ತಮ ದಾರಿ ಅಂತ ನನ್ನ ಅಭಿಪ್ರಾಯ.

ನಮ್ಮಲ್ಲಿ ತಯಾರಿಸುವವರಲ್ಲಿ ಹೆಚ್ಚಿನವರು ಮೀಟರ್ ಬಿಟ್ಟುಕೊಟ್ಟಿಲ್ಲ. ಮಹೀಂದ್ರ ಎಕ್ಸ್‌ಇವಿ 9ಇಯಲ್ಲಿ ಮೂರು ಪರದೆ, ಅದರಲ್ಲಿ ಒಂದು ಚಾಲಕರದ್ದೇ. ಎಂಜಿ ವಿಂಡ್ಸರ್‌ನಲ್ಲಿ ನಡುವೆ 15.6 ಇಂಚಿನ ದೊಡ್ಡ ಪರದೆ ಇಟ್ಟರೂ ಸ್ಟೀರಿಂಗ್ ಹಿಂದೆ 8.8 ಇಂಚಿನದೊಂದನ್ನು ಉಳಿಸಿದ್ದಾರೆ. ಟೆಸ್ಲಾದ ಭಾರತದ ಕಂಪನಿ ನೋಂದಣಿಯಾದದ್ದು 2021ರ ಜನವರಿಯಲ್ಲಿ, ಬೆಂಗಳೂರಿನಲ್ಲಿ. ಕಾರು ಬಂದದ್ದು 2025ರ ಜುಲೈನಲ್ಲಿ, ಮುಂಬೈಗೆ. ಆಗ 59.89 ಲಕ್ಷ ರೂಪಾಯಿಯಿಂದ ಶುರುವಾಗುತ್ತಿದ್ದ ಮಾಡೆಲ್ ವೈ. ಬಲ ಸ್ಟೀರಿಂಗ್ ಆದ್ದರಿಂದ ವೇಗ ಪರದೆಯ ಬಲ ಮೂಲೆಯಲ್ಲಿ.

ಯುರೋಪಿನಲ್ಲಿ ಗಾಳಿ ಬದಲಾಗಿದೆ. 2026ರಿಂದ ಕಾರುಗಳ ಸುರಕ್ಷತೆ ಪರೀಕ್ಷಿಸಿ ನಕ್ಷತ್ರ ಕೊಡುವ ಯೂರೋ ಎನ್‌ಕ್ಯಾಪ್‌ನಲ್ಲಿ ಐದು ನಕ್ಷತ್ರ ಬೇಕಾದರೆ ಇಂಡಿಕೇಟರ್, ಹಜಾರ್ಡ್ ಲೈಟ್, ಹಾರ್ನ್, ವೈಪರ್, ತುರ್ತು ಕರೆ ಇವಿಷ್ಟಕ್ಕೂ ಕೈಗೆ ಸಿಗುವ ನಿಜವಾದ ಗುಂಡಿ ಅಥವಾ ಲಿವರ್ ಇರಬೇಕು. 2023ರ ಹೊಸ ಮಾಡೆಲ್ 3ರಲ್ಲಿ ಇಂಡಿಕೇಟರ್ ಲಿವರನ್ನೂ ತೆಗೆದು ಸ್ಟೀರಿಂಗ್ ಮೇಲೆ ಗುಂಡಿ ಇಟ್ಟಿದ್ದರು. ಎರಡೇ ವರ್ಷಕ್ಕೆ, 2025ರಲ್ಲಿ, ಚೀನಾದಿಂದ ಆರಂಭಿಸಿ ಆ ಲಿವರ್ ವಾಪಸ್ ಬಂತು.

ಆದರೆ ಯೂರೋ ಎನ್‌ಕ್ಯಾಪ್‌ನ ಆ ಪಟ್ಟಿಯಲ್ಲಿ ಮೀಟರ್ ಇಲ್ಲ. ವಿಶ್ವಸಂಸ್ಥೆಯ 39ನೇ ನಿಯಮ ಸ್ಪೀಡೋಮೀಟರ್ ಚಾಲಕರ ನೇರ ದೃಷ್ಟಿಯ ವ್ಯಾಪ್ತಿಯಲ್ಲಿರಬೇಕು, ಹಗಲು ರಾತ್ರಿ ಓದಲು ಬರಬೇಕು ಎನ್ನುತ್ತದೆ. ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಲೇಬಾರದು, ಹೆಚ್ಚು ತೋರಿಸಿದರೂ 80 ಕಿ.ಮೀ.ಗೆ 92 ದಾಟಬಾರದು ಎಂದು ಅಂಕಿ ಹಿಡಿದು ಹೇಳುತ್ತದೆ. ವೇಗ ಎಷ್ಟು ಕರಾರುವಾಕ್ಕಾಗಿ ಕಾಣಬೇಕು ಎಂಬುದಕ್ಕೆ ಇಷ್ಟು ಕಟ್ಟುನಿಟ್ಟು ಇರುವಾಗ, ಹಾಡು ಹಾಕುವ ಪ್ರೊಸೆಸರ್ ಬಿಸಿಯಾದಾಗಲೂ ಅದು ಕಾಣಬೇಕು ಎಂದು ಕೇಳುವುದು ಅತಿಯಾಗುವುದಿಲ್ಲ. ನಾನು ಕೇಳುವುದು ದೊಡ್ಡದೇನಲ್ಲ. ವೇಗ, ಗೇರು, ಇಂಡಿಕೇಟರ್, ಬ್ರೇಕ್ ಎಚ್ಚರಿಕೆ. ಈ ನಾಲ್ಕಕ್ಕೆ ಒಂದು ಪುಟ್ಟ ಪರದೆ, ಅದಕ್ಕೆ ಅದರದೇ ಚಿಪ್. ಎಲ್ಲಿ ಇಡುತ್ತಾರೋ ಇಡಲಿ, ಇಟಿಯಾಸ್ ಹಾಗೆ ನಡುವೆಯೇ ಇಟ್ಟರೂ ಆಯಿತು.

ಅಲ್ಲಿಯವರೆಗೆ ಇಂಥ ಕಾರು ಕೊಳ್ಳಲು ಹೋದವರು ಶೋರೂಮಿನಲ್ಲೇ ಒಂದು ಕೆಲಸ ಮಾಡಬಹುದು. ಗಾಡಿ ನಿಂತಿರುವಾಗ ಪರದೆಯನ್ನು ರೀಸ್ಟಾರ್ಟ್ ಮಾಡಿಸಿ. ಅದು ಕಪ್ಪಾಗಿರುವಷ್ಟು ಹೊತ್ತು ವೈಪರ್ ವೇಗ ಬದಲಾಯಿಸಿ ನೋಡಿ, ಇಂಡಿಕೇಟರ್ ಹಾಕಿ ಸದ್ದು ಬರುತ್ತದೆಯೇ ಕೇಳಿ, ಗಾಜಿನ ಮಂಜು ಓಡಿಸಲು ಆಗುತ್ತದೆಯೇ ನೋಡಿ. ಏನೇನು ಕಾಣೆಯಾಯಿತು ಅಂತ ಬರೆದುಕೊಳ್ಳಿ. ಆಮೇಲೆ ಟೆಸ್ಟ್ ಡ್ರೈವಿಗೆ ಹೋಗಿ.